ಅಜ್ರಕ್, ರಲ್ಲಿ, ಲಾರಿ: ಪಾಕಿಸ್ತಾನದ ದಿನಬಳಕೆಯ ಕಲೆಗಳು

ಸಿಂಧ್‌ನ ಹಳ್ಳಿಯಲ್ಲಿ ಮಗು ಮಲಗಿಸಲು ಜೋಳಿಗೆ ಕಟ್ಟುವುದು ಅಜ್ರಕ್‌ನಲ್ಲಿ. ಮದುವೆ ಗಂಡಿನ ಹೆಗಲ ಮೇಲೆ ಬೀಳುವುದೂ ಅಜ್ರಕ್. ಬಿಸಿಲಿಗೆ ತಲೆಗೆ ಸುತ್ತಲು, ಸಂತೆಯಿಂದ ಸಾಮಾನು ಗಂಟು ಕಟ್ಟಿ ತರಲು, ರಾತ್ರಿ ಚಳಿಗೆ ಹೊದೆಯಲು, ನೆಲಕ್ಕೆ ಹಾಸಿ ಊಟಕ್ಕೆ ಕೂರಲು ಎಲ್ಲಕ್ಕೂ ಅದೇ ಬಟ್ಟೆ. ಮನೆಗೆ ಬಂದ ಅತಿಥಿಗೆ ಮರ್ಯಾದೆ ಮಾಡುವಾಗ ಅದನ್ನೇ ಹೊದಿಸುತ್ತಾರೆ. ಕೊನೆಗೆ ಹೆಣದ ಮೇಲೆ ಹೊದಿಸುವುದೂ ಅದನ್ನೇ.

ಕೆಂಪು, ಕಡುನೀಲಿ, ಕಪ್ಪು, ನಡುನಡುವೆ ಬಿಳಿ ಗೆರೆ. ನಕ್ಷತ್ರ, ಹೂವು, ಚೌಕಗಳ ಸಾಲು. ಸುಮಾರು ಎರಡೂವರೆಯಿಂದ ಮೂರು ಮೀಟರ್ ಉದ್ದದ ಹತ್ತಿ ಬಟ್ಟೆ. ನೋಡಲು ಇಷ್ಟೇ. ಆದರೆ ಇದನ್ನು ಮಾಡಲು ವಾರಗಟ್ಟಲೆ ಹಿಡಿಯುತ್ತದೆ. ಸಾಮಾನು ಗಂಟು ಕಟ್ಟುವ ಬಟ್ಟೆಗೆ ಯಾರಾದರೂ ಇಷ್ಟು ಶ್ರಮ ಹಾಕುತ್ತಾರಾ? ಹಾಕುತ್ತಾರೆ. ಪಾಕಿಸ್ತಾನದ ಜನಪದ ಕಲೆಗಳನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದ ಶುರು ಮಾಡುವುದೇ ಒಳ್ಳೆಯದು. ಅಲ್ಲಿನ ಕೈಕೆಲಸದಲ್ಲಿ ಚೆಂದ ಅನ್ನುವುದು ಬಹುಪಾಲು ಯಾವುದೋ ಕೆಲಸಕ್ಕೆ ಅಂಟಿಕೊಂಡೇ ಬರುತ್ತದೆ. ಆ ಕೆಲಸ ಏನು ಅಂತ ಗೊತ್ತಾದರೆ ವಿನ್ಯಾಸವೂ ತಾನಾಗಿ ತಿಳಿಯುತ್ತದೆ.

ಅಜ್ರಕ್ ಎಷ್ಟು ಹಳೆಯದು ಅಂತ ಕೇಳಿದರೆ ಸಿಂಧಿಗಳು ಮೊಹೆಂಜೊದಾರೊದ 'ಪುರೋಹಿತ ರಾಜ'ನ ಕಡೆ ಬೆರಳು ತೋರಿಸುತ್ತಾರೆ. 1925-26ರ ಉತ್ಖನನದಲ್ಲಿ ಸಿಕ್ಕ, ಒಂದು ಗೇಣಿಗಿಂತಲೂ ಚಿಕ್ಕದಾದ ಕಲ್ಲಿನ ಮೂರ್ತಿ ಅದು. ಎತ್ತರ 17.5 ಸೆಂಟಿಮೀಟರ್. ಈಗ ಕರಾಚಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅವನ ಹೆಗಲ ಮೇಲಿನ ಹೊದಿಕೆಯ ತುಂಬ ಮೂರೆಸಳಿನ ಚಿತ್ತಾರ. ಅದೇ ಮೊದಲ ಅಜ್ರಕ್ ಅನ್ನುವುದು ಅಲ್ಲಿನವರ ಹೆಮ್ಮೆಯ ಮಾತು. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಲ್ಲಿನಲ್ಲಿ ಕೆತ್ತಿದ ಎಸಳು ಅಚ್ಚು ಹಾಕಿದ್ದೋ, ದಾರದಲ್ಲಿ ಹೊಲಿದದ್ದೋ ಹೇಗೆ ಹೇಳುವುದು? ಅದಕ್ಕಿಂತ ಗಟ್ಟಿ ಸಾಕ್ಷಿ ಅದೇ ಊರಲ್ಲಿ ಬೇರೆ ಇದೆ. ಒಂದು ಬೆಳ್ಳಿ ಪಾತ್ರೆಗೆ ಅಂಟಿಕೊಂಡು ಉಳಿದ ಹತ್ತಿ ಬಟ್ಟೆಯ ಚೂರು ಸಿಕ್ಕಿದೆ. ಅದಕ್ಕೆ ಮಂಜಿಷ್ಠ ಅನ್ನುವ ಗಿಡದ ಬೇರಿನ ಕೆಂಪು ಬಣ್ಣ ಹಾಕಿದ್ದರು. ಅಂದರೆ ಹತ್ತಿಗೆ ಕೆಂಪು ಹಿಡಿಸುವ ವಿದ್ಯೆ ಸಿಂಧೂ ದಡದಲ್ಲಿ 4,000 ವರ್ಷಗಳ ಹಿಂದೆಯೇ ಗೊತ್ತಿತ್ತು.

ಇದು ಸಣ್ಣ ಮಾತಲ್ಲ. ಹತ್ತಿ ಬಣ್ಣದ ವಿಷಯದಲ್ಲಿ ಬಹಳ ಹಠಮಾರಿ. ಉಣ್ಣೆ, ರೇಷ್ಮೆಗಳು ಬಣ್ಣವನ್ನು ಬೇಗ ಹೀರುತ್ತವೆ. ಹತ್ತಿ ಹಾಗಲ್ಲ. ಮಂಜಿಷ್ಠದ ಬೇರಿನ ನೀರಲ್ಲಿ ಹತ್ತಿಯನ್ನು ಸುಮ್ನೆ ಕುದಿಸಿದರೆ ಒಂದಿಷ್ಟು ಮಾಸಲು ಬಣ್ಣ ಬರುತ್ತದೆ, ನಾಲ್ಕು ಸಲ ಒಗೆದರೆ ಹೋಗುತ್ತದೆ. ನಡುವೆ ಒಬ್ಬ ಮದುವೆ ದಲ್ಲಾಳಿ ಬೇಕು. ಆ ದಲ್ಲಾಳಿ ಪಟಿಕ, ಅಂದರೆ ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಆ ಬಿಳಿ ಕಲ್ಲು. ಪಟಿಕ ಒಂದು ಕಡೆ ನೂಲನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಬಣ್ಣವನ್ನು. ಪಟಿಕ ತಾಗಿದ ಕಡೆ ಮಾತ್ರ ಬಟ್ಟೆ ಕೆಂಪಾಗುತ್ತದೆ. ಅಲ್ಲಿಗೆ ಕೈಕೆಲಸದವರಿಗೆ ಒಂದು ಗುಟ್ಟು ಸಿಕ್ಕ ಹಾಗಾಯಿತು. ಬಣ್ಣವನ್ನು ಅಚ್ಚು ಹಾಕುವ ಗೋಜೇ ಬೇಡ. ಪಟಿಕವನ್ನು ಅಚ್ಚು ಹಾಕಿ, ಇಡೀ ಬಟ್ಟೆಯನ್ನು ಬಣ್ಣದ ಹಂಡೆಗೆ ಇಳಿಸಿದರೆ ಸಾಕು.

ಅಜ್ರಕ್‌ನ ಇಡೀ ಕೆಲಸ ಈ ಗುಟ್ಟಿನ ಮೇಲೆ ನಿಂತಿದೆ. ಹಂತಗಳು ಜಾಸ್ತಿ ಇರುವುದರಿಂದ ತಲೆ ತಿರುಗಬಹುದು. ಆದರೆ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈಗ ಯಾವ ಜಾಗಕ್ಕೆ ಬಣ್ಣ ತಾಗಬಾರದು?

ಮೊದಲು ಬಟ್ಟೆಯ ಗಂಜಿ, ಎಣ್ಣೆ, ಕೊಳೆ ಎಲ್ಲ ಹೋಗಬೇಕು. ಅದಕ್ಕೆ ಒಗೆದು, ಹಬೆಯಲ್ಲಿ ಬೇಯಿಸಿ, ಹರಳೆಣ್ಣೆ, ಸೋಡಾ, ಒಂಟೆ ಲದ್ದಿ ಕಲಸಿದ ನೀರಲ್ಲಿ ನೆನೆಹಾಕಿ ಇಡುತ್ತಾರೆ. ಲದ್ದಿ ಅಂದರೆ ಮೂಗು ಮುರಿಯಬೇಡಿ, ಬಟ್ಟೆ ಮೆತ್ತಗಾಗಿ ಬೆಳ್ಳಗಾಗುವುದರಲ್ಲಿ ಅದರ ಪಾಲಿದೆ. ಆಮೇಲೆ ಕಾಡುಗಿಡದ ಕಾಯಿ-ಗಂಟುಗಳಿಂದ ತೆಗೆದ ಒಗರಿನ ರಸದಲ್ಲಿ ಅದ್ದುತ್ತಾರೆ. ಈ ಒಗರು ಮುಂದೆ ಕಪ್ಪು ಬಣ್ಣಕ್ಕೆ ಬೇಕು.

ಈಗ ಅಚ್ಚಿನ ಕೆಲಸ. ಮರದ ಅಚ್ಚುಗಳಿಗೆ ಸಿಂಧಿಯಲ್ಲಿ ಪೋರ್ ಅನ್ನುತ್ತಾರೆ. ಮೊದಲ ಅಚ್ಚಿನಲ್ಲಿ ಗೋಂದು ಮತ್ತು ಸುಣ್ಣದ ಅಂಟು. ಇದು ಬೀಳುವುದು ಬಿಳಿಯಾಗಿಯೇ ಉಳಿಯಬೇಕಾದ ಗೆರೆಗಳ ಮೇಲೆ. ಎರಡನೆಯ ಅಚ್ಚಿನಲ್ಲಿ ಕಬ್ಬಿಣದ ತುಕ್ಕಿನಿಂದ ಮಾಡಿದ ರಾಡಿ. ಕಬ್ಬಿಣ ಬಟ್ಟೆಯೊಳಗಿನ ಒಗರಿಗೆ ಸೇರಿದ ಕೂಡಲೇ ಕಪ್ಪಾಗುತ್ತದೆ. ಅಡಿಕೆ ಕತ್ತರಿಯ ಕಬ್ಬಿಣ ಕರಿ ಹಿಡಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು ಎಲ್ಲಕ್ಕಿಂತ ಜಾಣತನದ್ದು. ಜೇಡಿಮಣ್ಣು, ಗೋಂದು, ಬೆಲ್ಲ ಮತ್ತು ಪಟಿಕ ಸೇರಿಸಿದ ಗಟ್ಟಿ ಕೆಸರು. ಕೆಂಪು ಬರಬೇಕಾದ ಕಡೆಯೆಲ್ಲ ಇದನ್ನು ಮೆತ್ತುತ್ತಾರೆ. ಒಂದೇ ಕೆಸರಿಗೆ ಇಲ್ಲಿ ಎರಡು ಕೆಲಸ. ಮಣ್ಣು ನೀಲಿಯನ್ನು ತಡೆಯುತ್ತದೆ, ಒಳಗಿನ ಪಟಿಕ ಕೆಂಪಿಗೆ ಜಾಗ ಹಿಡಿದಿಡುತ್ತದೆ.

ನಂತರ ಬಟ್ಟೆ ನೀಲಿಯ, ಅಂದರೆ ಇಂಡಿಗೋ ಬಣ್ಣದ ತೊಟ್ಟಿಗೆ ಇಳಿಯುತ್ತದೆ. ನೀಲಿಯ ಸ್ವಭಾವ ಮಂಜಿಷ್ಠಕ್ಕೆ ಪೂರಾ ಉಲ್ಟಾ. ಅದಕ್ಕೆ ಪಟಿಕದ ಹಂಗಿಲ್ಲ. ಆದರೆ ಅದು ನೀರಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಹುಳಿ ಬರಿಸಿ, ಆಮ್ಲಜನಕ ಕಳೆದಾಗ ಮಾತ್ರ ಕರಗಿ ಹಳದಿ-ಹಸಿರಾಗುತ್ತದೆ. ಬಟ್ಟೆ ತೊಟ್ಟಿಯಿಂದ ಹೊರಬರುವಾಗ ಇನ್ನೂ ಹಸಿರು ಬಣ್ಣದಲ್ಲೇ ಇರುತ್ತದೆ. ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಆಗ ಬಣ್ಣ ಮತ್ತೆ ಕರಗದ ಸ್ಥಿತಿಗೆ ಬಂದು ನೂಲಿನೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಕೆಸರು ಹೋಗುವವರೆಗೆ ಹರಿಯುವ ನೀರಲ್ಲಿ ಒಗೆಯುತ್ತಾರೆ. ಈಗ ಬಟ್ಟೆಯ ಮೇಲೆ ನೀಲಿ ಇದೆ, ಕಪ್ಪು ಇದೆ, ಕೆಂಪಿನ ಸುಳಿವೇ ಇಲ್ಲ. ಪಟಿಕ ಇರುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಮಂಜಿಷ್ಠದ ಹಂಡೆಯಲ್ಲಿ ಕುದಿಸಿದಾಗ ಆ ಜಾಗಗಳೆಲ್ಲ ಕೆಂಪಾಗಿ ಎದ್ದು ಬರುತ್ತವೆ, ಬಿಳಿ ಗೆರೆಗಳಿಗೂ ಸ್ವಲ್ಪ ಕೆಂಪು ಬಡಿದಿರುತ್ತದೆ. ಅದನ್ನು ತೆಗೆಯಲು ಬಟ್ಟೆಯನ್ನು ದಡದಲ್ಲಿ ಹರಡಿ, ಬಿಸಿಲಲ್ಲಿ ಒಣಗಿಸಿ, ನೀರು ಚಿಮುಕಿಸಿ, ಮತ್ತೆ ಒಣಗಿಸುತ್ತಾರೆ. ಪಟಿಕ ಇಲ್ಲದ ಕಡೆಯ ಬಣ್ಣ ಬಿಸಿಲಿಗೆ ಹಾರುತ್ತದೆ, ಪಟಿಕ ಹಿಡಿದದ್ದು ಕೂರುತ್ತದೆ. ಒಳ್ಳೆಯ ಅಜ್ರಕ್‌ಗೆ ಇಲ್ಲಿಗೂ ಮುಗಿಯಲಿಲ್ಲ. ಕೆಂಪನ್ನು ಮತ್ತೊಮ್ಮೆ ಕೆಸರಿನಿಂದ ಮುಚ್ಚಿ, ಇನ್ನೊಂದು ಸಲ ನೀಲಿಗೆ ಹಾಕುತ್ತಾರೆ. ರಾತ್ರಿ ಆಕಾಶದ ಕಡುನೀಲಿ ಬರುವುದು ಆಗಲೇ.

ಇಷ್ಟನ್ನೂ ಬಟ್ಟೆಯ ಎರಡೂ ಮೈಗೆ ಮಾಡುತ್ತಾರೆ. ಮುಂದಿನ ಮೈಯ ಅಚ್ಚಿಗೆ ಹಿಂದಿನ ಮೈಯ ಅಚ್ಚು ಸರಿಯಾಗಿ ಕೂರಬೇಕು. ಯಾಕೆ ಇಷ್ಟು ಕಷ್ಟ? ಹೆಗಲ ಮೇಲೆ ಎಸೆದುಕೊಳ್ಳುವ, ತಲೆಗೆ ಸುತ್ತುವ ಬಟ್ಟೆಗೆ ಒಳಮೈ, ಹೊರಮೈ ಅಂತ ಇರುವುದಿಲ್ಲ. ಹೇಗೆ ಬಿದ್ದರೂ ಒಳ್ಳೆಯ ಮೈ ಕಾಣಬೇಕು. ಕತ್ತಲಲ್ಲಿ ಹೊದ್ದರೂ ತಲೆಕೆಳಗಾಗುವುದಿಲ್ಲ ಅಂತ ಜನ ಹೇಳುತ್ತಾರೆ.

ಹಾಲಾ, ಮಟಿಯಾರಿ, ಭಿಟ್ ಶಾ ಸುತ್ತಮುತ್ತ ಈ ಕೆಲಸ ಹೆಚ್ಚು. ಭಿಟ್ ಶಾ ಅಂದರೆ ಸಿಂಧಿಯ ದೊಡ್ಡ ಸಂತಕವಿ ಶಾ ಅಬ್ದುಲ್ ಲತೀಫ್ ಭಿಟಾಯಿ ಮಲಗಿರುವ ಊರು. ಅಚ್ಚು ಹಾಕುವವರು ಖತ್ರಿ ಸಮುದಾಯದವರು. ಅವರ ಒಂದು ಕವಲು 16ನೇ ಶತಮಾನದಲ್ಲಿ ಗುಜರಾತಿನ ಕಛ್‌ಗೆ ಹೋಗಿ ಧಮಡ್ಕಾದಲ್ಲಿ ನೆಲೆಸಿತು. 2001ರ ಭೂಕಂಪದ ನಂತರ ಅಲ್ಲಿ ನೀರು ಕೈಕೊಟ್ಟಿತು. ಅವರಲ್ಲಿ ಹಲವರು ಭುಜ್ ಹತ್ತಿರ ಅಜ್ರಖ್‌ಪುರ ಅನ್ನುವ ಹೊಸ ಊರನ್ನೇ ಕಟ್ಟಿಕೊಂಡರು. ನೀರಲ್ಲಿ ಕಬ್ಬಿಣ ಜಾಸ್ತಿಯಾದರೆ ಕೆಂಪು ಕಪ್ಪಿಗೆ ತಿರುಗುತ್ತದೆ. ಹಾಗಾಗಿ ಅಜ್ರಕ್‌ನವರಿಗೆ ನೀರು ಕೆಟ್ಟರೆ ಕಸುಬೇ ಕೆಟ್ಟಂತೆ. ಬೆಂಗಳೂರಿನ ಅಂಗಡಿಗಳಲ್ಲಿ ನಮಗೆ ಸಿಗುವ ಅಸಲಿ ಅಜ್ರಖ್ ಸೀರೆ, ಕುರ್ತಾ ಹೆಚ್ಚಾಗಿ ಈ ಕಛ್ ಕವಲಿನ ಕೈಕೆಲಸ. ಕಛ್‌ನ ಅಜ್ರಖ್‌ಗೆ 2024ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮನ್ನಣೆ ಬಂತು. ಗಡಿಯ ಆ ಕಡೆ ಅದು ಈಗಲೂ ಮೂರು ಮೀಟರ್ ಹೊದಿಕೆ, ಈ ಕಡೆ ಸೀರೆ, ಸಲ್ವಾರ್, ಪರದೆ.

2009ರಿಂದ ಪಾಕಿಸ್ತಾನದಲ್ಲಿ ಡಿಸೆಂಬರ್ ಶುರುವಿನಲ್ಲಿ ಸಿಂಧಿ ಟೋಪಿ-ಅಜ್ರಕ್ ದಿನ ನಡೆಯುತ್ತದೆ. ಊರಿಗೆ ಊರೇ ಅಜ್ರಕ್ ಹೊದ್ದು ಬೀದಿಗೆ ಇಳಿಯುತ್ತದೆ. ಹಾಗೆ ಹೊದ್ದದ್ದರಲ್ಲಿ ಬಹಳಷ್ಟು ಸ್ಕ್ರೀನ್ ಪ್ರಿಂಟ್. ಅಸಲಿ ಯಾವುದು ಅಂತ ನೋಡಲು ಬಟ್ಟೆ ಮಗುಚಿ. ಹಿಂದಿನ ಮೈಯೂ ಮುಂದಿನಷ್ಟೇ ಗಾಢವಾಗಿದ್ದರೆ, ಅಲ್ಲಲ್ಲಿ ಅಚ್ಚು ಕೂದಲೆಳೆಯಷ್ಟು ಜರುಗಿದ್ದರೆ, ಅದು ಕೈಯಲ್ಲಿ ಆದದ್ದು. ಸ್ಕ್ರೀನ್ ಪ್ರಿಂಟ್ ಬಗ್ಗೆ ಹಳಹಳಿಸುವವರಿದ್ದಾರೆ. ನನಗೇನೂ ಅಷ್ಟು ಬೇಜಾರಿಲ್ಲ. ಕೂಲಿ ಮಾಡುವವನಿಗೂ ಹೊದೆಯಲು ಒಂದು ಅಜ್ರಕ್ ಬೇಕಲ್ವಾ? ಬೇಜಾರು ಇರುವುದು ನಕಲಿಯನ್ನು ಅಸಲಿ ಬೆಲೆಗೆ ಮಾರುವವರ ಮೇಲೆ.

ಹಳೆಯ ಅಜ್ರಕ್ ಹರಿದ ಮೇಲೆ ಏನಾಗುತ್ತದೆ? ರಲ್ಲಿ ಆಗುತ್ತದೆ. ರಲ್ಲಿ ಅಂದರೆ ಸಿಂಧ್, ದಕ್ಷಿಣ ಪಂಜಾಬ್, ಬಲೂಚಿಸ್ತಾನದ ಹೆಂಗಸರು ಹಳೆ ಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆ. ಉತ್ತರ ಕರ್ನಾಟಕದವರಿಗೆ ಕೌದಿ ಗೊತ್ತು, ಆದ್ದರಿಂದ ಮೂಲ ವಿಷಯ ವಿವರಿಸುವ ಕಷ್ಟ ನನಗಿಲ್ಲ. ಪದರ ಪದರವಾಗಿ ಹಳೆ ಬಟ್ಟೆ, ಮೇಲೊಂದು ಚೆಂದದ ಹಾಸು, ಎಲ್ಲ ಸೇರಿಸಿ ಉದ್ದಕ್ಕೂ ಗಟ್ಟಿ ದಾರದ ಹೊಲಿಗೆ.

ವ್ಯತ್ಯಾಸ ಇರುವುದು ಮೇಲಿನ ಹಾಸಿನಲ್ಲಿ. ಒಂದು ಬಗೆಯಲ್ಲಿ ಚೌಕ, ತ್ರಿಕೋನ ತುಂಡುಗಳನ್ನು ಜೋಡಿಸುತ್ತಾರೆ. ಇನ್ನೊಂದರಲ್ಲಿ ಬಟ್ಟೆಯನ್ನು ಮಡಿಸಿ, ಕತ್ತರಿಯಲ್ಲಿ ಜಾಲರಿಯ ಹಾಗೆ ಕತ್ತರಿಸಿ, ಬೇರೆ ಬಣ್ಣದ ಬಟ್ಟೆಯ ಮೇಲಿಟ್ಟು ಅಂಚು ಮಡಚಿ ಹೊಲಿಯುತ್ತಾರೆ. ಮೂರನೆಯದು ಜೋಗಿ, ಸಾಮಿ ಅನ್ನುವ ಅಲೆಮಾರಿ ಸಮುದಾಯಗಳದ್ದು. ಅದರಲ್ಲಿ ತುಂಡು ಕಡಿಮೆ, ಹೊಲಿಗೆಯೇ ಚಿತ್ರ. ಇಡೀ ಹಾಸನ್ನು ಸಣ್ಣ ಬಣ್ಣದ ಹೊಲಿಗೆಗಳಿಂದ ತುಂಬಿಬಿಡುತ್ತಾರೆ.

ಕಾಗದದ ಮೇಲೆ ನಕಾಶೆ ಬರೆಯುವುದಿಲ್ಲ. ತಾಯಿ ಮಾಡಿದ್ದು ಮಗಳ ಕಣ್ಣಲ್ಲಿ ಕೂತಿರುತ್ತದೆ. ಹೊಲಿಯುವಾಗ ಅಕ್ಕಪಕ್ಕದ ಹೆಂಗಸರು ಬಂದು ಸುತ್ತ ಕೂರುತ್ತಾರೆ. ಹುಡುಗಿಯ ಮದುವೆಗೆ ರಲ್ಲಿ ಕೂಡಿಡುತ್ತಾರೆ. ಮನೆಯಲ್ಲಿ ರಲ್ಲಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ರಾಶಿ ಆ ಮನೆಯ ಅನುಕೂಲ ತೋರಿಸುತ್ತದೆ. ಚಾರ್ಪಾಯಿ, ಅಂದರೆ ಹಗ್ಗದ ಮಂಚದ ಮೇಲೆ ಹಾಸಲು, ಹೊದೆಯಲು, ಮಗುವನ್ನು ಸುತ್ತಲು, ತೀರಾ ಹಳೆಯದಾದರೆ ದನಕರುಗಳ ಬೆನ್ನಿಗೆ ಹೊದಿಸಲು ರಲ್ಲಿಯೇ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಕವಂದಿ ಅನ್ನುವ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ನಡುವಿನ ಕಡೆ ಸಾಗುತ್ತಾರೆ. ಮೂಲೆಗಳಿಗೆ 'ಫುಲಾ' ಅನ್ನುವ ಮಡಿಸಿದ ತ್ರಿಕೋನ ಇಡದಿದ್ದರೆ ಅದು ಬೆತ್ತಲೆ ಅನ್ನುತ್ತಾರೆ. ಇವರ ಹಾಗೆಯೇ ಆಫ್ರಿಕಾದಿಂದ ಬಂದವರ ವಂಶದವರು ಸಿಂಧ್ ಮತ್ತು ಮಕ್ರಾನ್ ಕರಾವಳಿಯಲ್ಲಿದ್ದಾರೆ. ಅಲ್ಲಿ ಅವರಿಗೆ ಶೀದಿ ಅನ್ನುವ ಹೆಸರು. ಅದರಿಂದ ಕವಂದಿ ಸಿಂಧ್‌ನಿಂದ ಬಂತು ಅಂತ ತೀರ್ಮಾನಿಸುವುದು ಬೇಡ. ಚಿಂದಿ ಬಟ್ಟೆ, ಚಳಿ, ಕೈಯಲ್ಲಿ ಸೂಜಿ ಇದ್ದ ಕಡೆಯೆಲ್ಲ ಇಂಥ ಹೊದಿಕೆ ಹುಟ್ಟಿದೆ.

ರಲ್ಲಿ ಬಗ್ಗೆ ಬರೆಯುವವರು 'ಹೆಂಗಸರ ಸೃಜನಶೀಲತೆ' ಅಂತ ಹೊಗಳಿ ಮುಗಿಸುತ್ತಾರೆ. ಲೆಕ್ಕದ ಮಾತು ಬರುವುದು ಕಡಿಮೆ. ಮನೆಗೆ ಹೊಲಿಯುವಾಗ ಈ ಕೆಲಸಕ್ಕೆ ಕೂಲಿ ಅನ್ನುವುದೇ ಇಲ್ಲ. ಮಾರಲು ಹೊಲಿದಾಗ ಕೊಳ್ಳುವವರಿಗೂ ಹೊಲಿಯುವವಳಿಗೂ ನಡುವೆ ವ್ಯಾಪಾರಿ ಇರುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದು, ಉಳಿದ ಹೊತ್ತಲ್ಲಿ ಸೂಜಿ ಹಿಡಿದವಳಿಗೆ ಬರುವ ಪಾಲು ಸಣ್ಣದು.

ಪಂಜಾಬ್ ಮತ್ತು ಹಜಾರಾ ಕಡೆಯ ಫುಲ್ಕಾರಿ ಕಸೂತಿಯಲ್ಲೂ ಹೆಂಗಸರ ಕೈಯೇ. ಒರಟು ಖಾದಿಯ ಹಿಂಬದಿಯಿಂದ ಎಳೆ ಎಣಿಸಿ, ಹುರಿ ಇಲ್ಲದ ರೇಷ್ಮೆ ದಾರ ಹಾಯಿಸುತ್ತಾರೆ. ಮುಂದೆ ಹೇಗೆ ಬರುತ್ತಿದೆ ಅಂತ ಹೊಲಿಯುವಾಗ ಕಾಣುವುದಿಲ್ಲ. ಒಂದೇ ಬಣ್ಣದ ದಾರ ಉದ್ದಕ್ಕೆ ಹಾಯಿಸಿದ ಕಡೆ ಒಂದು ಹೊಳಪು, ಅಡ್ಡಕ್ಕೆ ಹಾಯಿಸಿದ ಕಡೆ ಇನ್ನೊಂದು ಹೊಳಪು. ಬಟ್ಟೆಯೇ ಕಾಣದ ಹಾಗೆ ಪೂರ್ತಿ ತುಂಬಿದರೆ ಅದು ಬಾಗ್. ಅಷ್ಟು ತುಂಬಿದ ಮೇಲೂ ಒಂದು ಮೂಲೆಯಲ್ಲಿ ಬೇಕೆಂದೇ ಹೊಂದದ ಒಂದು ಚುಕ್ಕಿ ಇಡುತ್ತಿದ್ದರು. ದೃಷ್ಟಿ ತಾಗಬಾರದಲ್ಲ, ಅದಕ್ಕೆ.

ಅಜ್ರಕ್ ಊರಾದ ಹಾಲಾದಲ್ಲೇ ಜಂಡಿ ಅನ್ನುವ ಅರಗಿನ ಮರಗೆಲಸವೂ ಇದೆ. ತೊಟ್ಟಿಲು, ಉಯ್ಯಾಲೆ ಮಂಚ, ಮಂಚದ ಕಾಲು. ಮರವನ್ನು ಲೇತ್‌ನಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೆತ್ತುತ್ತದೆ. ಇಲ್ಲಿಯವರೆಗೆ ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಹೊಸದೇನೂ ಇಲ್ಲ, ಕ್ರಮ ಒಂದೇ. ಹಾಲಾದವರು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಒಂದರ ಮೇಲೊಂದು ಮೂರ್ನಾಲ್ಕು ಬಣ್ಣದ ಪದರ ಹಾಕಿ, ಮೊನೆಯಿಂದ ಗೀರುತ್ತಾರೆ. ಎಷ್ಟು ಆಳ ಗೀರಿದರು ಅನ್ನುವುದರ ಮೇಲೆ ಕೆಳಗಿನ ಯಾವ ಬಣ್ಣ ಹೊರಬರುತ್ತದೆ ಅನ್ನುವುದು ನಿಂತಿದೆ.

ಮುಲ್ತಾನಿನ ನೀಲಿ ಮಣ್ಣಿನ ಕೆಲಸ ಎಲ್ಲರೂ ಫೋಟೋದಲ್ಲಿ ನೋಡಿರುತ್ತೀರಿ. ಕಡುನೀಲಿ ಕೋಬಾಲ್ಟ್‌ನದ್ದು, ಆಕಾಶನೀಲಿ ತಾಮ್ರದ್ದು. 1320ರ ದಶಕದ ಷಾ ರುಕ್ನೆ ಆಲಂ ದರ್ಗಾದ ಗೋಡೆಯ ಮೇಲೆ ಇರುವ ಬಣ್ಣಗಳೇ ಇವತ್ತು ತಟ್ಟೆ, ಹೂಜಿಯ ಮೇಲೂ ಇವೆ. ಒಂಟೆ ಚರ್ಮದ ದೀಪ, ಚಿನಿಯೋಟ್‌ನ ಮರಗೆಲಸ, ಖರ್ಜೂರದ ಗರಿಯಲ್ಲಿ ಹೆಣೆದ ರೊಟ್ಟಿ ಬುಟ್ಟಿ ಹೀಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ನಾನು ಲಾರಿಗೆ ಬರುತ್ತೇನೆ.

ಪಾಕಿಸ್ತಾನದ ಲಾರಿ ನೋಡಿದವರಿಗೆ ಮೊದಲು ಅನ್ನಿಸುವುದು, ಇಷ್ಟೆಲ್ಲ ಯಾಕೆ ಅಂತ. ಕ್ಯಾಬಿನ್ ಮೇಲೆ ಮುಂದಕ್ಕೆ ಚಾಚಿದ 'ತಾಜ್', ಅಂದರೆ ಕಿರೀಟ. ಬಾಗಿಲಿಗೆ ಕೆತ್ತಿದ ಮರ. ಮೈ ತುಂಬ ನವಿಲು, ಹುಲಿ, ಗಿಡುಗ, ಬೆಟ್ಟ-ಕೊಳ, ಸಿನಿಮಾ ನಟಿ, ಮಾಜಿ ಅಧ್ಯಕ್ಷ ಅಯೂಬ್ ಖಾನ್, ರೆಕ್ಕೆಯಿರುವ ದೇವಲೋಕದ ಕುದುರೆ ಬುರಾಖ್. ರಾಷ್ಟ್ರಪಕ್ಷಿ ಚಕೋರ ಇಲ್ಲದ ಲಾರಿ ಅಪರೂಪ. ಬಂಪರ್‌ನಿಂದ ಕೆಳಗೆ ಇಳಿಬಿದ್ದ ಸರಪಳಿಗಳ ಝಣಝಣ. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ಸೈನಿಕರು ಇವನ್ನು 'ಜಿಂಗಲ್ ಟ್ರಕ್' ಅಂತ ಕರೆದದ್ದು ಈ ಸದ್ದಿಗೇ. ಹಿಂಬದಿಯಲ್ಲಿ ಬರಹ: 'ಮಾಂ ಕೀ ದುವಾ, ಜನ್ನತ್ ಕೀ ಹವಾ'. ತಾಯಿಯ ಹಾರೈಕೆ ಸ್ವರ್ಗದ ಗಾಳಿ.

ಇದೆಲ್ಲ ಬೆಳೆದದ್ದು ಬ್ರಿಟನ್ನಿನ ಬೆಡ್‌ಫರ್ಡ್ ಲಾರಿಗಳ ಮೇಲೆ. ಬರಿ ಚಾಸಿಸ್ ಬಂದರೆ ಬಾಡಿ ಕಟ್ಟುವುದು ಸ್ಥಳೀಯ ಬಡಗಿ. ಬಾಡಿ ಕಟ್ಟುವವನ ಕೈಯಲ್ಲಿ ಮರ ಇದ್ದರೆ ಕೆತ್ತನೆ ಬಾರದೆ ಇರುತ್ತದೆಯೇ? ಸ್ವಾತ್, ಪೇಶಾವರದ ಕಡೆ ಕೆತ್ತಿದ ಮರದ ಬಾಗಿಲು ಹೆಚ್ಚು, ಯಾಕೆಂದರೆ ಆ ಬೆಟ್ಟಗಳಲ್ಲಿ ಮೊದಲಿನಿಂದ ಮನೆಯ ಕಂಬ, ಬಾಗಿಲಿಗೆ ಕೆತ್ತುವವರಿದ್ದರು. ಕರಾಚಿಯಲ್ಲಿ ಚಮಕ್ ಪಟ್ಟಿ ಹೆಚ್ಚು. ಇದು ಬೆಳಕು ಹೊಳೆಯಿಸುವ ಬಣ್ಣದ ಟೇಪ್. ಅದನ್ನು ಬ್ಲೇಡಿನಿಂದ ಸಣ್ಣಗೆ ಕತ್ತರಿಸಿ ಹೂಬಳ್ಳಿಯಾಗಿ ಅಂಟಿಸುತ್ತಾರೆ. ದೀಪವಿಲ್ಲದ ರಸ್ತೆಯಲ್ಲಿ ಎದುರಿನ ಗಾಡಿಯ ಬೆಳಕು ಬಿದ್ದರೆ ಇಡೀ ಲಾರಿ ಮಿಂಚುತ್ತದೆ. ಇದು ಚೆಂದಕ್ಕೂ ಆಯಿತು, ಜೀವಕ್ಕೂ ಆಯಿತು.

ಒಬ್ಬ ಕಲಾವಿದ ಕೂತು ಬಿಡಿಸಿದ ಕಲೆ ಇದಲ್ಲ. ಬಡಗಿ, ತಗಡಿನವನು, ಪೇಂಟರ್, ಚಮಕ್ ಪಟ್ಟಿಯವನು, ಸೀಟು ಹೊಲಿಯುವವನು, ವೈರಿಂಗ್ ಮಾಡುವವನು ಎಲ್ಲರೂ ಅಕ್ಕಪಕ್ಕದ ಶೆಡ್‌ಗಳಲ್ಲಿರುತ್ತಾರೆ. ಹುಡುಗರು ಡಬ್ಬ ತೊಳೆಯುತ್ತಾ, ಹಿನ್ನೆಲೆ ಬಣ್ಣ ಹೊಡೆಯುತ್ತಾ ಉಸ್ತಾದರ ಕೈ ನೋಡಿ ಕಲಿಯುತ್ತಾರೆ. ಖರ್ಚು ಮಾಲೀಕನದ್ದು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಹೊಸದಾಗಿ ಬಳಿಸಬೇಕು, ಆಗ ಹಳೆ ಚಿತ್ರ ಕೆಳಗೆ ಮುಚ್ಚಿಹೋಗುತ್ತದೆ. ಅದಕ್ಕೆ ಯಾರೂ ಅಳುವುದಿಲ್ಲ.

ಮಾಲೀಕನ ಲೆಕ್ಕವೂ ಇದೆ. ಚೆನ್ನಾಗಿ ಸಿಂಗರಿಸಿದ ಲಾರಿ ಕಂಡರೆ, ಇವನು ಗಾಡಿ ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂತ ಸರಕು ಕೊಡುವವನಿಗೆ ನಂಬಿಕೆ ಬರುತ್ತದೆ ಅಂತ ಲಾರಿಯವರು ಹೇಳುತ್ತಾರೆ. ಇನ್ನು ಡ್ರೈವರ್‌ಗೆ ಅದು ಮನೆ. ವಾರಗಟ್ಟಲೆ ಅವನು ಮಲಗುವುದು, ಉಣ್ಣುವುದು, ನಮಾಜ್ ಮಾಡುವುದು ಅದರ ಆಸುಪಾಸಿನಲ್ಲೇ. ದೃಷ್ಟಿ ತಾಗದಿರಲಿ ಅಂತ ಕಪ್ಪು ಬಟ್ಟೆ ಕಟ್ಟಿರುತ್ತಾನೆ.

2002ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಜಾನಪದ ಉತ್ಸವದಲ್ಲಿ ಕರಾಚಿಯ ಹೈದರ್ ಅಲಿ, ಜಮೀಲುದ್ದೀನ್ ಒಂದು ಬೆಡ್‌ಫರ್ಡ್ ಲಾರಿಯನ್ನು ಸಿಂಗರಿಸಿದರು. 2006ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಮೆಲ್ಬರ್ನ್‌ನ ಒಂದು ಟ್ರಾಮ್ ಕರಾಚಿಯ ಡಬ್ಲ್ಯೂ-11 ಮಾರ್ಗದ ಮಿನಿಬಸ್ಸಿನ ವೇಷ ಹಾಕಿತು. ಅಲ್ಲಿಂದ ಈಚೆಗೆ ಲಾರಿ ಚಿತ್ರಗಳು ಟೀ ಕೆಟಲ್, ಮೊಬೈಲ್ ಕವರ್, ಕೆಫೆ ಗೋಡೆಗಳಿಗೆಲ್ಲ ಹತ್ತಿದವು. ಅದರಿಂದ ಪೇಂಟರ್‌ಗಳಿಗೆ ನಾಲ್ಕು ಕಾಸು ಸಿಕ್ಕರೆ ಸಂತೋಷ. ಆದರೆ ಕೆಟಲ್ ಮೇಲಿನ ಚಕೋರ ನನಗೆ ಸ್ವಲ್ಪ ಪೆಚ್ಚಾಗಿ ಕಾಣುತ್ತದೆ. ಅದು ಧೂಳಿನಲ್ಲಿ, ಸರಕಿನ ಭಾರದಲ್ಲಿ ಓಡುವ ಹಕ್ಕಿ.

ಆ ಲಾರಿಯ ಟೈರು ಸವೆದ ಮೇಲೆ ಅದಕ್ಕೂ ಒಂದು ದಾರಿಯಿದೆ. ಪೇಶಾವರಿ ಚಪ್ಪಲಿಯ ಅಟ್ಟೆ ಎಷ್ಟೋ ಸಲ ಹಳೆ ಟೈರಿನದು. ಮೇಲೆ ಎರಡು ಅಗಲ ಚರ್ಮದ ಪಟ್ಟಿ ಒಂದರ ಮೇಲೊಂದು ಹಾಯ್ದು, ಹಿಂದೆ ಬಕಲ್ ಬಿಗಿಯುತ್ತದೆ. ಬೆಟ್ಟದ ಕಲ್ಲುದಾರಿಗೆ ಹೇಳಿ ಮಾಡಿಸಿದ್ದು. 2014ರಲ್ಲಿ ಬ್ರಿಟನ್ನಿನ ಪಾಲ್ ಸ್ಮಿತ್ ಕಂಪನಿ ಇಂಥದ್ದೇ ಚಪ್ಪಲಿಗೆ 'ರಾಬರ್ಟ್' ಅಂತ ಹೆಸರಿಟ್ಟು 300 ಪೌಂಡ್‌ಗೆ ಮಾರಾಟಕ್ಕಿಟ್ಟಿತು. ಪಾಕಿಸ್ತಾನದವರು ಆನ್‌ಲೈನ್‌ನಲ್ಲಿ ಜಾಲಾಡಿದರು. ಆಮೇಲೆ ಕಂಪನಿ ತನ್ನ ವಿವರಣೆಯಲ್ಲಿ ಇದು ಪೇಶಾವರಿ ಚಪ್ಪಲಿಯಿಂದ ಪ್ರೇರಣೆ ಪಡೆದದ್ದು ಅಂತ ಸೇರಿಸಿತು. ಪೇಶಾವರದ ಮೋಚಿಗಳು ಆ ಬೆಲೆಯ ಒಂದು ಸಣ್ಣ ಪಾಲಿಗೆ ಅದನ್ನು ಮೊದಲಿಂದಲೂ ಹೊಲಿಯುತ್ತಾ ಬಂದಿದ್ದಾರೆ. ಈದ್ ಹತ್ತಿರ ಬಂದರೆ ಹೊಸ ಜೋಡಿಗೆ ಮೊದಲೇ ಹೇಳಿಡುವುದು ಒಳ್ಳೆಯದು.